ಜೀಪಿನ ತಂಪು ಮೂಲೆ

ನನ್ನ ಅತ್ತೆಯ ಎಡಗಣ್ಣಿನ ರೆಪ್ಪೆ ಯಾವಾಗಲೂ ಅರ್ಧ ಇಳಿದಿರುತ್ತಿತ್ತು. ತೂಕಡಿಸುತ್ತಿದ್ದಾರೆ ಅಂದುಕೊಂಡು ಅವರೆದುರು ಪಿಸುಮಾತಾಡಿದವರು ಕೆಟ್ಟರು. ಮದುವೆಯಾಗಿ ಅಜ್ಜಂಪುರಕ್ಕೆ ಬಂದ ಮೊದಲ ವಾರವೇ ನಾನೂ ಕೆಟ್ಟೆ.

ಮಕ್ಕಳೇ, ನಿಮ್ಮ ಮುತ್ತಜ್ಜಿಯನ್ನು ನೀವು ನೋಡಿಲ್ಲ. ಮಾವ ತೀರಿಕೊಂಡ ಮೇಲೆ ಮನೆಯ ಬಾಡಿಗೆ ಜೀಪಿಗೆ ಅವರೇ ಯಜಮಾನಿ. ಅಜ್ಜಂಪುರದಿಂದ ತರೀಕೆರೆಗೆ ಅದನ್ನು ಓಡಿಸುತ್ತಿದ್ದವರು ಅವರ ಒಬ್ಬನೇ ಮಗ, ನಿಮ್ಮ ತಾತ. "ಬಂಡಿ ಓಡೋದು ಡೀಸೆಲ್ಲಿಂದಲ್ಲ ಕಣೇ, ಗುರುವಿನಿಂದ" ಎನ್ನುತ್ತಿದ್ದರು ಅತ್ತೆ. ಪ್ರತಿ ಶಿವರಾತ್ರಿಗೆ ಮಠದಿಂದ ಮಂತ್ರಿಸಿದ ತೆಂಗಿನಕಾಯಿ ತಂದು, ಕೆಂಪು ಬಟ್ಟೆಯಲ್ಲಿ ಸುತ್ತಿ, ಬಾನೆಟ್ಟಿನ ಒಳಗೆ ಕಟ್ಟಿಸುತ್ತಿದ್ದರು. ಮುಂದಿನ ಶಿವರಾತ್ರಿಯವರೆಗೆ ಅದನ್ನು ಯಾರೂ ಅಲುಗಿಸುವಂತಿರಲಿಲ್ಲ.

ಎಂಬತ್ತನೇ ಇಸವಿಯ ಆಸುಪಾಸಿಗೆ ಎಂಜಿನ್ನಿಗೆ ವಯಸ್ಸಾಗಿತ್ತು. ಹೊಗೆಯ ಜೊತೆ ಎಣ್ಣೆಯನ್ನೂ ಉಗುಳುತ್ತಿತ್ತು. ಅದನ್ನು ಹಿಡಿಯಲು ತಾತ ಹಾಲಿನ ಪುಡಿಯ ಡಬ್ಬವೊಂದಕ್ಕೆ ರಬ್ಬರ್ ಕೊಳವೆ ಸಿಕ್ಕಿಸಿದರು. ಡಬ್ಬ ಕಟ್ಟಲು ಎರಡೇ ಜಾಗ ಇದ್ದವು. ಒಂದು, ಸೈಲೆನ್ಸರಿನ ಕೊಳವೆ ಕೆಂಡದಂತೆ ಕಾಯುವ ಬದಿ. ಇನ್ನೊಂದು, ಬ್ಯಾಟರಿಯ ಹಿಂದಿನ ತಂಪು ಮೂಲೆ. ಕಾಯಿ ಕೂತಿದ್ದದ್ದು ಆ ಮೂಲೆಯಲ್ಲೇ.

"ಅವ್ವ, ಕಾಯಿನ ಸೀಟಿನ ಹತ್ರ ಕಟ್ತೀನಿ. ಬಿಸಿ ಕಡೆ ಡಬ್ಬ ಇಟ್ಟು ಎಣ್ಣೆ ಚೆಲ್ಲಿದ್ರೆ ಹತ್ಕೊಂಬಿಡುತ್ತೆ."

"ಗುರುಗಳ ಕಾಯಿ ಎಬ್ಬಿಸಿ ಎಂಜಲೆಣ್ಣೆ ಡಬ್ಬ ಕೂರಿಸ್ತೀಯೇನೋ? ಲೇ, ನಿಮ್ಮಪ್ಪನ್ನ ಹೂಳಿದಾಗ ನಿನ್ನ ಬುದ್ಧೀನೂ ಹೂಳಿದ್ರಾ?"

"ಶಿವರಾತ್ರಿ ತನಕ ಡಬ್ಬಾನೇ ಬೇಡ ಬಿಡಿ ಅತ್ತೆ" ಎಂದೆ ನಾನು, ಬಾಗಿಲ ಸಂದಿಯಿಂದ.

"ಓ, ನಿನ್ನ ಇಂಜಿನೀರು ಇವಳೇನಪ್ಪಾ!" ಎಂದು ಅತ್ತೆ ಬೀದಿಗೆ ಕೇಳುವ ಹಾಗೆ ನಕ್ಕರು.

ತಾತ ತಾಯಿಗೆ ಎದುರಾಡಿದವರಲ್ಲ. ಡಬ್ಬವನ್ನು ಬಿಸಿ ಬದಿಗೇ ತಂತಿಯಲ್ಲಿ ಬಿಗಿದರು.

ಒಂದು ಸಂತೆಯ ದಿನ ಅಮೃತಾಪುರದ ಹತ್ತಿರ ತಂತಿ ತುಂಡಾಗಿ, ಡಬ್ಬದ ಎಣ್ಣೆ ಕಾದ ಸೈಲೆನ್ಸರಿನ ಮೇಲೆ ಚೆಲ್ಲಿತು. ಭಗ್ಗನೆ ಹತ್ತಿಕೊಂಡಿತು. ಹಿಂದೆ ಹೆಂಗಸರು ಇನ್ನೂ ಇಳಿದಿರಲಿಲ್ಲ. ತಾತ ಉರಿಯುವ ಡಬ್ಬವನ್ನು ಬಲಗೈಯಲ್ಲಿ ಕಿತ್ತು ಎಸೆದರು. ಉಳಿದ ಬೆಂಕಿಗೆ ಜನ ಮಣ್ಣು ಎರಚಿದರು. ಎಲ್ಲರೂ ಉಳಿದರು. ತಾತನ ಬೆರಳುಗಳು ಮಾತ್ರ ಅಂಗೈಗೆ ಅಂಟಿಕೊಂಡವು.

ಸುದ್ದಿ ತಿಳಿದು ಅತ್ತೆ ಮೊದಲು ಹೋದದ್ದು ಜೀಪಿನ ಹತ್ತಿರ. ಮಗನನ್ನು ನೋಡಲು ಬಂದವರಿಗೆಲ್ಲ ಕಾಯಿ ತೋರಿಸಿದರು. "ನೋಡ್ರೀ, ಬಟ್ಟೆಗೆ ಮಸಿ ಸೈತ ಹತ್ತಿಲ್ಲ!" ನನ್ನ ಕಡೆ ತಿರುಗಿ, "ಮುಟ್ಟಾದಾಗ ಜೀಪಿನ ಹತ್ರ ಸುಳಿದಿರ್ತೀಯ, ಅದಕ್ಕೇ ಹಿಂಗಾಗಿದ್ದು" ಎಂದರು. ನಾನು ಸುಳಿದಿರಲಿಲ್ಲ.

ಗಾಯ ಮಾಗುವ ತನಕ ಮಗನಿಗೆ ತುತ್ತಿಟ್ಟವರು ಅವರೇ. ತಟ್ಟೆಯನ್ನು ನನ್ನ ಕೈಗೆ ಕೊಡಲಿಲ್ಲ. ತುತ್ತಿಗೊಂದು ಸಲ, "ಗುರು ಉಳಿಸ್ದ, ಇಲ್ಲಾಂದ್ರೆ ಬೂದಿ ಆಗ್ತಿದ್ದೆ" ಅನ್ನುತ್ತಿದ್ದರು. ತಾತ ಬಾಯಿ ತೆರೆಯುತ್ತಿದ್ದರು, ನುಂಗುತ್ತಿದ್ದರು. ಆಮೇಲೆ ಅವರು ಎಡಗೈಯಲ್ಲಿ ಉಣ್ಣಲು ಕಲಿತಾಗ, "ಎಡಗೈ ಊಟ ನನ್ ಕಣ್ಣೆದುರಿಗೆ ಬೇಡ" ಎಂದು ಹಿತ್ತಿಲಿಗೆ ಕಳಿಸಿದರು. ಮಳೆ ಬಂದ ದಿನ ತಾತ ದನದ ಕೊಟ್ಟಿಗೆಯಲ್ಲಿ ಉಂಡರು.

ಕೆಲವು ವರ್ಷಗಳ ನಂತರ ಅತ್ತೆ ಹಾಸಿಗೆ ಹಿಡಿದರು. ಉಸಿರು ಎಳೆಯತೊಡಗಿದಾಗ ನೆರೆಯವರು ಮಗನ ಕೈಯಿಂದ ಬಾಯಿಗೆ ನೀರು ಬಿಡಿಸಿ ಎಂದರು. ತಾತ ಎಡಗೈಯಲ್ಲಿ ಚಮಚ ಹಿಡಿದು ಬಗ್ಗಿದರು. ಅತ್ತೆ ಹಲ್ಲು ಕಚ್ಚಿಕೊಂಡರು.

"ಬಲಗೈಲಿ ಕೊಡೋ."

"ಆಗಲ್ಲ ಅವ್ವ."

"ಬಲಗೈಲಿ."

ತಾತ ಚಮಚವನ್ನು ಸೊಟ್ಟ ಬೆರಳುಗಳ ನಡುವೆ ತುರುಕಿಕೊಂಡರು. ನೀರು ಅತ್ತೆಯ ಗಲ್ಲಕ್ಕೆ ಚೆಲ್ಲಿತು. ಮತ್ತೆ ತುಂಬಿಸಿದರು, ಮತ್ತೆ ಚೆಲ್ಲಿತು. ನಾನು ತಾತನ ಮಣಿಕಟ್ಟು ಹಿಡಿದು ಬಾಯಿಯವರೆಗೆ ತರುವಷ್ಟರಲ್ಲಿ ಅತ್ತೆಯ ಉಸಿರು ನಿಂತಿತ್ತು.

ಸೆರಗಿನಿಂದ ಅವರ ಕತ್ತು ಒರೆಸಿದೆ. ದಿಂಬೆಲ್ಲ ತೊಯ್ದಿತ್ತು. ಗಂಟಲಿಗೆ ಒಂದು ಹನಿಯೂ ಇಳಿದಿರಲಿಲ್ಲ.