ಹಿಪ್ಪೆ ಸಸಿಯೂ ಕಸವೇ

ಕಾನ್ವೆಂಟಿನ ಇಂಗ್ಲಿಷ್ ಪಾಠದಲ್ಲಿ ಓಕ್ ಮರದ ಚಿತ್ರವಿತ್ತು. ಅಳಿಲು ಹೂತಿಟ್ಟು ಮರೆತ ಬೀಜವೇ ಮರವಾಗುತ್ತದೆ ಎಂದು ಸಿಸ್ಟರ್ ಹೇಳಿದ್ದರು. ತೊಂಬತ್ತರ ದಶಕದಲ್ಲಿ ಮದುವೆಯಾಗಿ ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ತೋಟಕ್ಕೆ ಬಂದಾಗ, ಬದುವಿನಂಚಿನ ಮುದಿ ಹಿಪ್ಪೆಮರ ನೋಡಿ ಆ ಚಿತ್ರವೇ ನೆನಪಾಯಿತು. ಬುಡದಲ್ಲಿ ಮುನಿಯಪ್ಪ ದೇವರ ಕಲ್ಲು. ಮರದ ಒಂದು ಕಡ್ಡಿ ಮುರಿದರೂ ರಕ್ತ ಕಾರುತ್ತಾರೆಂದು ಅತ್ತೆ ಹೆದರಿಸಿದ್ದರು.

ಮರ ಒಳಗೊಳಗೇ ಟೊಳ್ಳಾಗಿತ್ತು. ಮಳೆಗಾಲದಲ್ಲಿ ಬುಡದ ತುಂಬ ಮೊಳಕೆ ಏಳುತ್ತಿದ್ದವು, ಒಂದೂ ಮರವಾಗುತ್ತಿರಲಿಲ್ಲ. ಗೊಬ್ಬರಕ್ಕೆಂದು ತೋಟದಲ್ಲಿ ಮಂದೆ ಹಾಕಿಸಿದಾಗ ಕುರಿಗಳು ಚಿಗುರು ಬೋಳಿಸುತ್ತಿದ್ದವು. ಉಳಿದದ್ದನ್ನು ಟಿಲ್ಲರ್ ಮುಗಿಸುತ್ತಿತ್ತು. ಉದುರಿದ ತೆಂಗಿನಕಾಯಿ ಕಣ್ಣಿಗೆ ಬೀಳಬೇಕು, ತೋಟ ಚೊಕ್ಕಟವಾಗಿರಬೇಕು, ಅಷ್ಟೇ. ನಮ್ಮಲ್ಲಿ ಕಳೆಗೂ ಕಸ ಎನ್ನುತ್ತಾರೆ. ನೆಡದೆ ಹುಟ್ಟಿದ್ದೆಲ್ಲ ಕಸ.

ಮುದಿಮರ ಬೀಳುವುದರೊಳಗೆ ಅದರದ್ದೊಂದು ಕುಡಿಯಾದರೂ ನಿಲ್ಲಲಿ ಎಂದು ಒಂದು ಸಸಿಯ ಸುತ್ತ ಜಾಲಿಮುಳ್ಳು ಇಟ್ಟೆ. ಬೇಸಿಗೆಯಲ್ಲಿ ಅಕ್ಕಿ ತೊಳೆದ ನೀರು ಹೊತ್ತು ಹುಯ್ದೆ. ಮೊಣಕಾಲೆತ್ತರ ಬಂತು. ಎಳೆಯ ಎಲೆಗೆ ತಾಮ್ರದ ಬಣ್ಣ.

ಆ ವರ್ಷ ಮುನಿಯಪ್ಪನಿಗೆ ಕುರಿಮರಿ ಹೊಡೆದ ದಿನ ಅನ್ನದ ಪಾತ್ರೆ ಹಿಡಿದು ಮರದ ಬಳಿಗೆ ಹೋದೆ. ಸಸಿಗೆ ನಾನಿಟ್ಟ ಮುಳ್ಳು ಒಲೆಯಲ್ಲಿ ಉರಿಯುತ್ತಿತ್ತು. ಯಜಮಾನರ ಚಿಕ್ಕಪ್ಪ ಬೇರುಸಮೇತ ಕಿತ್ತ ಸಸಿಯನ್ನು ಬೀಸುತ್ತ ಮಾಂಸದ ಮೇಲಿನ ನೊಣ ಓಡಿಸುತ್ತಿದ್ದರು. ತಾಮ್ರದೆಲೆಗೆಲ್ಲ ರಕ್ತ, ಕೊಬ್ಬಿನ ಜಿಡ್ಡು.

"ಮಾವ, ಅದು ಹಿಪ್ಪೆ ಸಸಿ!"

"ಕಸ ಕಣವ್ವ. ಎಲೆ ಹಾಕಾಕೆ ಅಡ್ಡ ಇತ್ತು, ಕಿತ್ತೆ. ಬಿಸಾಕೋ ಬದ್ಲು ನೊಣಕ್ಕಾಯ್ತು ಬುಡು."

"ಮುನಿಯಪ್ಪನ ಮರದ ಕಡ್ಡಿ ಮುರೀಬಾರ್ದು ಅಂತೀರಲ್ಲ?"

"ಮರ ಆದ್ಮೇಲೆ ತಾನೆ ಮುನಿಯಪ್ಪಂದು!"

ಎಲ್ಲರೂ ನಕ್ಕರು. "ಜಾಗ ಎಷ್ಟು ಚೊಕ್ಕಟಾಗೈತೆ ನೋಡು," ಎಂದರು ಅತ್ತೆ.

ಉಂಡು ಎದ್ದ ಮೇಲೆ ಆ ಚೊಕ್ಕಟ ಜಾಗದಲ್ಲಿ ಪ್ಲಾಸ್ಟಿಕ್ ಅಂಟಿಸಿದ ಪೇಪರ್ ಎಲೆಗಳು, ಲೋಟಗಳು, ಚೀಪಿದ ಮೂಳೆ, ಗುಟ್ಕಾ ಉಗುಳು. ಅದನ್ನು ಯಾರೂ ಕಸ ಎನ್ನಲಿಲ್ಲ. ಬಾಚಿ ತೆಗೆಯಲು ಹೋದರೆ, ಮುನಿಯಪ್ಪನ ಎಡೆ ಎಂಜಲು ಹೆಂಗಸರು ಮುಟ್ಟಬಾರದಂತೆ. ಗಂಡಸರು ಮುಟ್ಟಲಿಲ್ಲ.

ಮುಂದಿನ ಮಳೆಗೆ ಹಿಪ್ಪೆಬೀಜ ಆ ಪೇಪರ್ ಎಲೆಗಳ ಮೇಲೇ ಬಿದ್ದವು. ನಿಂತ ಕೊಳೆನೀರಿನಲ್ಲಿ ಬಿಳಿ ಬೇರು ಬಿಟ್ಟು, ಮಣ್ಣು ಸಿಗದೆ, ಲೋಳೆಯಾಗಿ ನಾರಿದವು. ಯಾರ ಮಾತೂ ಕೇಳದೆ ಬರಿಗೈ ಹಾಕಿದೆ. ಜೀವವಿದ್ದದ್ದು ಒಂದಾದರೂ ಸಿಕ್ಕೀತೇ ಎಂದು ತಡಕಿದೆ. ಇರಲಿಲ್ಲ.

ಬದುವಿನಾಚೆ ನಿಂತು ನೋಡಿದ ಅತ್ತೆ, "ಸದ್ಯ, ಈ ಸಲ ಅಲ್ಲಿ ಕಸ ಹುಟ್ಟಿಲ್ಲ ಬುಡು," ಎಂದರು.