ಪರದೆ ಎಳೆದವರ ಹೆಸರು

ಖಾಸಬಾಗದ ಬಜಾರಿನ ಹಿಂದೆ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಬಾಡಿಗೆ ಕರಾರು, ಸಾಲಿ ಮಕ್ಕಳ ಪ್ರಾಜೆಕ್ಟು, ಬಂದದ್ದನ್ನೆಲ್ಲ ಟೈಪ್ ಮಾಡಿ ಕೊಡುತ್ತಿದ್ದೆ. ಒಂದು ಮಧ್ಯಾಹ್ನ ಬಿಳಿ ಅಂಗಿಯ ಹಿರಿಯರೊಬ್ಬರು ಕೈಬರಹದ ಕಟ್ಟು ಹಿಡಿದು ಒಳಗೆ ಬಂದರು. ರೈಲ್ವೆಯಲ್ಲಿ ಟಿಕೆಟ್ ಕೊಡುವ ಕೆಲಸ ಮಾಡಿ ನಿವೃತ್ತರಾದವರು. ಶಹಾಪುರದ ತಮ್ಮ ಮನೆಯಿಂದ ನಾಟಕಕ್ಕೆಂದೇ ಒಂದು ಮಾಸಪತ್ರಿಕೆ ನಡೆಸುತ್ತಿದ್ದರು. ಆ ಕಟ್ಟನ್ನು ಟೈಪ್ ಮಾಡಲು ಕುಳಿತ ನಾನು ಮುಂದೆ ಹನ್ನೆರಡು ವರ್ಷ ಅವರ ಪತ್ರಿಕೆಯ ಕೆಲಸ ಮಾಡಿದೆ.

ತಿದ್ದಲು ಕುಳಿತರೆ ಅವರಿಗೆ ದಯೆ ಇರಲಿಲ್ಲ. ವಿಮರ್ಶೆಯಲ್ಲಿ ‘ಅಮೋಘ ಅಭಿನಯ’ ಎಂದಿದ್ದರೆ ಕೆಂಪು ಗೆರೆ ಎಳೆದು, ಬರೆದವರಿಗೆ ಫೋನ್ ಹಚ್ಚಿ, ನಟ ಅತ್ತನೋ, ಕುಸಿದನೋ, ಸುಮ್ಮನೆ ನಿಂತನೋ ಅದನ್ನು ಬರೆಯಿರಿ ಎನ್ನುತ್ತಿದ್ದರು. ಅವರ ಇನ್ನೊಂದು ನಿಯಮಕ್ಕೆ ಎಲ್ಲರೂ ಗೊಣಗುತ್ತಿದ್ದರು. ಪರದೆ ಎಳೆದವರು, ದೀಪ ಹಾಕಿದವರು, ಬಣ್ಣ ಹಚ್ಚಿದವರು ಯಾರೆಂದು ಹೆಸರಿಸದ ವಿಮರ್ಶೆ ಅಚ್ಚಾಗುತ್ತಿರಲಿಲ್ಲ. ನಾಟಕ ಮುಗಿದ ಮೇಲೆ ನಮ್ಮ ವಿಮರ್ಶಕರು ರಂಗದ ಹಿಂದೆ ಹೋಗಿ ಹೆಸರು ಕೇಳಿಕೊಂಡು ತಿರುಗಬೇಕಾಗುತ್ತಿತ್ತು.

ಒಮ್ಮೆ ಹಾಗೆ ಹೆಸರು ಅಚ್ಚಾದ ಲೈಟಿನವರೊಬ್ಬರು ಅಂಗಡಿಗೇ ಹುಡುಕಿಕೊಂಡು ಬಂದು ಐದು ಪ್ರತಿ ಕೇಳಿದರು. ಹೆಂಡತಿಯ ತವರಿಗೆ ಕಳಿಸಬೇಕಂತೆ. ನಾಟಕದಲ್ಲಿ ಇದ್ದೇನೆ ಎಂದರೆ ಅಲ್ಲಿ ಇಷ್ಟು ವರ್ಷ ಯಾರೂ ನಂಬಿರಲಿಲ್ಲವಂತೆ. ಅವರು ನಗುತ್ತ ಹೋದ ಮೇಲೆ ನಮ್ಮ ಸಂಪಾದಕರು ಕೈಯಲ್ಲಿದ್ದ ಕೆಂಪು ಪೆನ್ನು ಕೆಳಗಿಟ್ಟರು. ಆಮೇಲೆ ಹೇಳಿದರು: “ತಂಗಿ, ಇಂಥಾವ್ರಿಗೊಂದು ಪ್ರಶಸ್ತಿ ಮಾಡೂಣು.”

ಪ್ರಶಸ್ತಿ ಎಂದರೆ ಶಹಾಪುರದ ಕೈಮಗ್ಗದಲ್ಲಿ ನೇಯ್ದ ಒಂದು ಶಾಲು, ಅಷ್ಟೇ. ಮುಖ್ಯ ಅತಿಥಿ ಎಂಬುವರು ಇರಕೂಡದು. ಪ್ರಶಸ್ತಿ ಪಡೆಯುವವರ ಊರಿಗೆ ನಾವೇ ಹೋಗಬೇಕು, ಅವರು ರಂಗದ ನಟ್ಟನಡುವೆ ಬಂದು ನಿಲ್ಲಬೇಕು.

ಮೊದಲನೆಯದು ಖಾನಾಪುರದ ಒಬ್ಬ ಪ್ರಾಂಪ್ಟಿಂಗ್ ಮಾಸ್ತರರಿಗೆ ಎಂದು ಗೊತ್ತಾಯಿತು. ರಂಗದ ಮಗ್ಗುಲಲ್ಲಿ ಮರೆಯಾಗಿ ಕುಳಿತು, ನಟರು ಮಾತು ಮರೆತಾಗ ಮೆಲ್ಲಗೆ ಎತ್ತಿಕೊಡುವುದು ಅವರ ಕೆಲಸವಾಗಿತ್ತು. ಕನ್ನಡ ಕಂಪನಿ, ಮರಾಠಿ ಕಂಪನಿ ಎರಡರಲ್ಲೂ ದುಡಿದವರು. ಅವರನ್ನು ಒಪ್ಪಿಸಲೆಂದು ನಾವಿಬ್ಬರೂ ಪ್ಯಾಸೆಂಜರ್ ಗಾಡಿ ಹತ್ತಿದೆವು. ದೇಸೂರಿನಲ್ಲಿ ಗಾಡಿ ನಿಂತಾಗ ಸಂಪಾದಕರು ತಾವು ಒಂದು ಕಾಲಕ್ಕೆ ಕೂತಿದ್ದ ಟಿಕೆಟ್ ಕಿಟಕಿಯನ್ನು ತೋರಿಸಿ, ಒಂದು ಗಾಡಿಗೂ ಮತ್ತೊಂದು ಗಾಡಿಗೂ ನಡುವೆ ಅಲ್ಲಿ ಎಷ್ಟೋ ನಾಟಕ ಓದಿ ಮುಗಿಸಿದ್ದೆ ಎಂದರು.

ಮಾಸ್ತರರು ಮಗಳ ಮನೆಯಲ್ಲಿದ್ದರು. ಆಕೆ ಮರಾಠಿಯಲ್ಲಿ ಬನ್ನಿ ಎಂದು, ಕನ್ನಡದಲ್ಲಿ ಕುಂದರ್ರಿ ಎಂದು, ಚುರಮುರಿ, ಚಹಾ ತಂದಿಟ್ಟಳು. ಮಾಸ್ತರರು ಮಾತ್ರ ಪ್ರಶಸ್ತಿ ಬೇಡವೆಂದು ಕೈ ಮುಗಿದುಬಿಟ್ಟರು.

“ನನ್ನ ಧ್ವನಿ ಮಂದಿಗೆ ಕೇಳಿಸ್ತಂದ್ರ ನಾ ಕೆಲಸ ಕೆಡಿಸೀನಂತ ಅರ್ಥರೀ. ಈಗ ನಡು ರಂಗದಾಗ ನಿಂದ್ರು ಅಂದ್ರ ಹೆಂಗ?”

ಸಂಪಾದಕರು ಒತ್ತಾಯ ಮಾಡಲಿಲ್ಲ. ನಿಮ್ಮ ಜಾಗದಲ್ಲೇ, ಪರದೆಯ ಮರೆಯಲ್ಲೇ ಕೂತಿರಿ, ಶಾಲು ಅಲ್ಲಿಗೇ ತರುತ್ತೇವೆ ಎಂದರು. ತಮ್ಮ ಭಾಷಣ ಬರೆದು, ತಪ್ಪಿದ್ದರೆ ನೋಡಿರಿ ಎಂದು ಅದರ ಒಂದು ಪ್ರತಿಯನ್ನು ಅವರಿಗೆ ಮುಂಚೆಯೇ ಕಳಿಸಿದರು.

ಪ್ರಶಸ್ತಿ ಕೊಡುವ ರವಿವಾರ ಮುಂಜಾನೆ ಖಾನಾಪುರದ ಸಾಲೆಯೊಂದರ ಸಭಾಗೃಹ ತುಂಬಿತ್ತು. ಇಷ್ಟು ವರ್ಷ ಇನ್ನೊಬ್ಬರ ಬರಹ ತಿದ್ದಿದ ನಮ್ಮ ಸಂಪಾದಕರಿಗೆ ಭಾಷಣ ಮಾಡಿ ರೂಢಿಯಿರಲಿಲ್ಲ. ಆದರೂ ಜಂಬದಿಂದ ಕಾಗದವನ್ನು ನನ್ನ ಕೈಗೆ ಕೊಟ್ಟು ರಂಗ ಹತ್ತಿದರು. ನಾಲ್ಕು ವಾಕ್ಯ ಸರಾಗವಾಗಿ ಬಂದವು. ಐದನೆಯದಕ್ಕೆ ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು. ನಾನು ಮೂರನೇ ಸಾಲಿನಲ್ಲಿದ್ದೆ. ಕಾಗದ ನನ್ನ ಕೈಯಲ್ಲೇ ಇತ್ತು. ಎದ್ದು ಹೋಗಬೇಕೋ ಬೇಡವೋ ತಿಳಿಯಲಿಲ್ಲ.

ಅಷ್ಟರಲ್ಲಿ ಪರದೆಯ ಮರೆಯಿಂದ ತೆಳ್ಳಗಿನ ಧ್ವನಿಯೊಂದು ಐದನೆಯ ವಾಕ್ಯವನ್ನು ಎತ್ತಿಕೊಟ್ಟಿತು. ಮೈಕು ಆ ಮಗ್ಗುಲಿಗೇ ಇದ್ದುದರಿಂದ ಸಭೆಗೆಲ್ಲ ಕೇಳಿಸಿತು. ಜನ ಹೋ ಎಂದು ನಕ್ಕರು. ಸಂಪಾದಕರೂ ನಗುತ್ತ ಆ ವಾಕ್ಯ ಹೇಳಿದರು, ಮುಂದಿನದನ್ನು ಮರೆತರು, ಅದೂ ಬಂತು. ಇಡೀ ಭಾಷಣ ಹಾಗೆಯೇ ಸಾಗಿತು. ಮಾಸ್ತರರಿಗೆ ಅದು ಪೂರ್ತಿ ಬಾಯಿಪಾಠವಾಗಿತ್ತು. ಕೊನೆಗೆ ಸಂಪಾದಕರು ಮರೆಗೆ ಹೋಗಿ ಅವರ ಕೈ ಹಿಡಿದರು.

“ಇವತ್ತ ನಿಮ್ಮ ಧ್ವನಿ ಮಂದಿಗೆ ಕೇಳಿಸೇತ್ರಿ. ಆದ್ರ ಕೆಡಿಸಿದಾಂವ ನಾನು. ಬರ್ರಿ.”

ಮಾಸ್ತರರು ಬಂದರು. ನಟ್ಟನಡುವೆ ನಿಂತು, ಬೆಳಕಿಗೆ ಕಣ್ಣು ಕಿರಿದು ಮಾಡಿ, ಜನರನ್ನು ಒಂದೊಂದೇ ಸಾಲಾಗಿ ನೋಡಿದರು. ಅವರ ಮಗಳು ಮುಂದಿನ ಕುರ್ಚಿಯಲ್ಲಿ ಅಳುತ್ತ ನಗುತ್ತಿದ್ದಳು.

ಅದಾದ ಮೇಲೆ ಪ್ರತಿ ವರ್ಷ ಒಂದು ಊರು, ಒಂದು ಶಾಲು. ಮೂರು ವರ್ಷದ ಹಿಂದೆ ಸಂಪಾದಕರು ತೀರಿಕೊಂಡರು. ನಾನು ಅಂಗಡಿಯನ್ನು ನನ್ನ ತಂಗಿಗೆ ಬಿಟ್ಟು ಪತ್ರಿಕೆ ವಹಿಸಿಕೊಂಡೆ. ಪ್ರಶಸ್ತಿಗೆ ಅವರ ಹೆಸರನ್ನೇ ಇಡೋಣ ಎಂದು ಗೆಳೆಯರೆಲ್ಲ ಹೇಳಿದಾಗ, ಇಷ್ಟು ವರ್ಷ ಪ್ರತಿಗಳಿಗೆ ವಿಳಾಸದ ಚೀಟಿ ಅಂಟಿಸಿದ ಅವರ ಹೆಂಡತಿ ಬೇಡವೆಂದರು.

“ಅವರ ಹೆಸರ ಇಟ್ರ ಮಂದಿ ಅವರ ಮ್ಯಾಲನ ಭಾಷಣ ಮಾಡ್ತಾರವಾ. ಶಾಲು ತಗೋಳಾಕ ಬಂದಾಕಿ ಸುಮ್ಮನ ಕುಂದರಬೇಕಾಗ್ತದ.”

ಆಯ್ಕೆಗೆ ಈಗ ಅವರೇ ಕೂರುತ್ತಾರೆ. ಕಳೆದ ಸಲ ಶಹಾಪುರದ ಒಬ್ಬ ಅಜ್ಜಿಯನ್ನು ಆರಿಸಿದರು. ಹವ್ಯಾಸಿ ತಂಡಗಳಿಗೆ ಉಡುಪು ಹೊಲಿದು, ಇಸ್ತ್ರಿ ಮಾಡಿ, ಉಡಿಸಿ ಕಳಿಸುತ್ತಿದ್ದವಳು. ನಾಟಕವನ್ನು ಎದುರಿನಿಂದ ನಾನು ಒಂದು ದಿನವೂ ನೋಡಿಲ್ಲ ಎಂದು ಆಕೆ ಮಾತಿನ ನಡುವೆ ಹೇಳಿದ್ದಳು. ಹಾಗಾಗಿ ಶಾಲು ಹೊದಿಸಿದ ಮೇಲೆ ಆಕೆಯನ್ನು ಮೊದಲ ಸಾಲಿನಲ್ಲಿ ಕೂರಿಸಿ, ತಂಡದವರು ಆಕೆಗೆಂದೇ ಒಂದು ದೃಶ್ಯ ಆಡಿ ತೋರಿಸಿದರು. ರಾಜ ಸಿಟ್ಟಿನಿಂದ ಕತ್ತಿ ಹಿರಿದ. ಅಜ್ಜಿ ಸ್ವಲ್ಪ ಹೊತ್ತು ನೋಡಿದಳು, ಎದ್ದಳು, ಸರಸರ ಮೆಟ್ಟಿಲು ಹತ್ತಿ ಹೋಗಿ ರಾಜನ ಕಚ್ಚೆ ಸರಿಮಾಡಿದಳು. ರಾಜ ಕತ್ತಿಯನ್ನು ಮೇಲೆತ್ತಿಕೊಂಡೇ, ಆಕೆ ಮುಗಿಸುವವರೆಗೂ ಅಲುಗಾಡದೆ ನಿಂತಿದ್ದ.