ಸೀಟಿನಕ್ಕ ಅಂಗಡಿ ಕೊಂಡದ್ದು

ನಮ್ಮ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಸೀಟಿನಕ್ಕ ಎಂದೇ. ಸ್ಕೂಟರಿನ ಸೀಟು, ಸೋಫಾ, ಹಲ್ಲಿನ ಡಾಕ್ಟರ ಕುರ್ಚಿ, ಯಾವುದರ ಹೊದಿಕೆ ಹರಿದರೂ ಅವಳ ಅಂಗಡಿಗೆ ಬರುತ್ತದೆ. ಗಂಡ ಬಸ್ಸು ಓಡಿಸುತ್ತಾನೆ. ಅತ್ತೆ ಅಂಗಡಿಯಲ್ಲೇ ಕೂತು ಹಳೆಯ ಹೊಲಿಗೆ ಬಿಚ್ಚುತ್ತಾರೆ, ಮೊಳೆ ಕಿತ್ತು ಡಬ್ಬಿಗೆ ಹಾಕುತ್ತಾರೆ. ಅವರ ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು.

ಈ ಕೆಲಸದಲ್ಲಿ ಅಳತೆಪಟ್ಟಿ ಹಿಡಿಯುವುದು ಕಡಿಮೆ. ಹರಿದ ಹೊದಿಕೆಯನ್ನು ಜೋಪಾನವಾಗಿ ಬಿಚ್ಚಿ, ಹೊಸ ರೆಕ್ಸಿನ್ ಮೇಲೆ ಹರಡಿ, ಅದರ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸುವುದು. ಸೀಟಿನಕ್ಕನಿಗೆ ಮಿಕ್ಕ ವಿಷಯಗಳಲ್ಲೂ ಅದೇ ಅಭ್ಯಾಸ. ಮೊದಲು ಮಾಡಿದವರನ್ನು ನೋಡಿ, ಅದೇ ಅಳತೆಗೆ ತಾನೂ ಮಾಡುವವಳು.

ಬಾಡಿಗೆಗಿದ್ದ ಅಂಗಡಿಯನ್ನು ಮಾಲೀಕ ಮಾರಲು ಹೊರಟಾಗ ಅವಳೇ ಕೊಳ್ಳುತ್ತೇನೆಂದಳು. ಮುಂದೆ ದೊಡ್ಡ ರಸ್ತೆಗೆ ತೆರೆದ ಮಳಿಗೆ, ಹಿಂದೆ ಒಂದು ಅಗಲವಾದ ಕೋಣೆ, ಅದಕ್ಕೆ ಪಕ್ಕದ ಓಣಿಯಿಂದ ಬೇರೆ ಬಾಗಿಲು. ಬ್ಯಾಂಕು ಸಾಲಕ್ಕೆ ಒಪ್ಪಿತು. ನೋಂದಣಿಯ ಹೊತ್ತಿಗೆ ಕಟ್ಟುವ ಖರೀದಿಯ ತೆರಿಗೆಗೆ ಎಷ್ಟು ಬೇಕಾದೀತೆಂದು ಅವಳು ಕೇಳಿದ್ದು ತಂಗಿಯನ್ನು. ತಂಗಿ ಹಿಂದಿನ ವರ್ಷ ಮನೆ ಕೊಂಡಿದ್ದಳು. ಆ ಲೆಕ್ಕದಲ್ಲೇ ಹಣ ಎತ್ತಿಟ್ಟು, ಮಾಲೀಕನಿಗೆ ಮುಂಗಡ ಕೊಟ್ಟಳು. ಗಡುವಿನೊಳಗೆ ನೋಂದಣಿ ಆಗದಿದ್ದರೆ ಮುಂಗಡ ವಾಪಸಿಲ್ಲ, ಅಂಗಡಿ ಅದನ್ನೇ ಕೇಳಿಕೊಂಡು ಬಂದಿದ್ದ ಮೊಬೈಲು ಮಾರುವವನಿಗೆ ಎಂದು ಮಾತಾಗಿತ್ತು.

ನೋಂದಣಿ ಕಚೇರಿಯ ಬಳಿ ಕ್ರಯಪತ್ರ ಬರೆಯುವವರು ಅವಳ ಲೆಕ್ಕ ಓದಿ, ಕನ್ನಡಕ ಮೇಲೇರಿಸಿ ಅವಳನ್ನೇ ನೋಡಿದರು.

“ಇದು ಮನೆ ದರ ಅಲ್ವೇನಮ್ಮ?”

“ನನ್ನ ತಂಗಿ ಇದೇ ದರದಲ್ಲಿ ಕಟ್ಟಿದ್ದು ಸ್ವಾಮಿ.”

“ಅವರು ತಗೊಂಡಿದ್ದು ಮಲಗೋ ಜಾಗ. ನೀವು ತಗೋತಿರೋದು ವ್ಯಾಪಾರದ ಜಾಗ. ಇದರ ದರವೇ ಬೇರೆ. ಅದರ ಮೇಲೆ ದೊಡ್ಡ ರಸ್ತೆ ಬೇರೆ! ತೆರಿಗೆಗೆ ಬ್ಯಾಂಕೂ ಸಾಲ ಕೊಡಲ್ಲ, ಕೈಯಿಂದಲೇ ಕಟ್ಟಬೇಕು.”

ಅವರು ಹೇಳಿದ ಮೊತ್ತ ಅವಳು ಎತ್ತಿಟ್ಟಿದ್ದರ ಎರಡರಷ್ಟಿತ್ತು.

ಪಕ್ಕದಲ್ಲಿದ್ದ ಮಾಲೀಕ ದನಿ ತಗ್ಗಿಸಿದ. “ಪತ್ರದಲ್ಲಿ ಬೆಲೆ ಇಳಿಸಿ ಬರೆಸೋಣ ಕಣಮ್ಮ. ಮಿಕ್ಕಿದ್ದು ನನ್ನ ಕೈಗೆ ಕೊಡು.”

“ಬೇಡಣ್ಣ. ದಿನಾ ದೇವರ ಹೆಸರು ಹೇಳಿ ಬಾಗಿಲು ತೆಗೆಯೋಳು ನಾನು. ಸುಳ್ಳು ಬರೆಸಿ ತಗೊಂಡ ಬಾಗಿಲ ಮುಂದೆ ನಿಂತು ಏನಂತ ಹೇಳಲಿ?”

“ಅವರು ಒಪ್ಪಿದ್ರೂ ನಡೆಯಲ್ಲ ಬಿಡಿ,” ಎಂದರು ಪತ್ರ ಬರೆಯುವವರು. “ಸರ್ಕಾರದ್ದೇ ಒಂದು ಬೆಲೆ ಇದೆ. ಅದಕ್ಕಿಂತ ಕೆಳಗೆ ದೇವರು ಬಂದ್ರೂ ಇಳಿಯಲ್ಲ.”

ಅಂಗಡಿಗೆ ಬಂದು ಹೇಳಿದಾಗ ಅತ್ತೆ ಇಕ್ಕಳ ಕೆಳಗಿಟ್ಟರು.

“ಕುರ್ಚಿ ಹೊದಿಕೆ ಅಳತೆ ಇಟ್ಕೊಂಡು ಸೋಫಾಗೆ ಕತ್ತರಿಸಿದ್ಯಲ್ಲೇ!”

ಗಂಡ ನಗಲಿಲ್ಲ. “ಮುಂಗಡ ಹೋದ್ರೆ ಹೋಗಲಿ. ಬೇರೆ ಕಡೆ ಬಾಡಿಗೆಗೆ ನೋಡೋಣ,” ಎಂದ.

ಸೀಟಿನಕ್ಕನಿಗೆ ಅದು ಬೇಡವಾಗಿತ್ತು. ಬೇರೆ ಕಡೆ ಎಂದರೆ ಮತ್ತೆ ಮೊದಲಿನಿಂದ, ಅದೂ ಇನ್ನೊಬ್ಬ ಮಾಲೀಕ ಖಾಲಿ ಮಾಡು ಎನ್ನುವವರೆಗೆ. ಕತ್ತರಿಸಬೇಕಿದ್ದ ರೆಕ್ಸಿನ್ ಮೇಜಿನ ಮೇಲೆ ಹಾಗೇ ಬಿದ್ದಿತ್ತು.

ಅತ್ತೆ ಆ ರೆಕ್ಸಿನ್ ಮಡಿಸಿಡುತ್ತಾ ಕೇಳಿದರು. “ಗಿರಾಕಿಗಳು ರಸ್ತೆ ನೋಡಿ ಬರ್ತಾರಾ, ನಿನ್ನ ನೋಡಿ ಬರ್ತಾರಾ?”

“ಅಂದ್ರೆ?”

“ಬಟ್ಟೆ ಸಾಲದೇ ಹೋದ್ರೆ ಸೋಫಾ ಬಿಟ್ಟು ಸ್ಟೂಲಿಗೆ ಹೊದಿಸ್ತೀಯೋ ಇಲ್ವೋ? ಮುಂದಿನದು ಆ ಮೊಬೈಲಿನವನಿಗೆ ಹೋಗಲಿ. ಹಿಂದಿನ ಕೋಣೆ ನೀನು ತಗೋ.”

“ಅಲ್ಲಿ ಬೆಳಕಿಲ್ಲ ಅತ್ತೆ. ನೂಲಿನ ಬಣ್ಣ ಹೊಂದಿಸೋದು ಹೇಗೆ?”

“ಓಣಿಗೆ ಬಂದು ಹೊಂದಿಸು. ಕಾಲಿಲ್ವಾ ನಿನಗೆ?”

ಈ ಸಲ ಅವಳು ಯಾರ ಅಳತೆಯನ್ನೂ ತರಲಿಲ್ಲ. ಮೊದಲು ಪತ್ರ ಬರೆಯುವವರ ಹತ್ತಿರ ಹೋಗಿ, ಓಣಿಯ ಕಡೆಯ ಕೋಣೆಯೊಂದಕ್ಕೇ ಎಷ್ಟಾಗುತ್ತದೆಂದು ಕೇಳಿದಳು. ದರ ವ್ಯಾಪಾರದ್ದೇ. ಆದರೆ ಜಾಗ ಚಿಕ್ಕದು, ಓಣಿಗೆ ಸರ್ಕಾರದ ಬೆಲೆಯೂ ಕಡಿಮೆ. ಎತ್ತಿಟ್ಟ ಹಣ ಸಾಕಾಗುತ್ತಿತ್ತು. ಮೊಬೈಲಿನವನಿಗೂ ಬೇಕಿದ್ದದ್ದು ರಸ್ತೆಯೇ. ಕೊಳ್ಳುವವರು ಇಬ್ಬರಾದ ಮೇಲೆ ಮಾಲೀಕ ಗಡುವನ್ನೂ ಮುಂದಕ್ಕೆ ಹಾಕಿದ. ಕಟ್ಟಡವನ್ನು ಎರಡು ಭಾಗ ಮಾಡಲು ಕಚೇರಿಗೆ ಅಲೆದಾಟ ಬೇಕಾದಷ್ಟಾಯಿತು. ಕೊನೆಗೆ ನೋಂದಣಿ ಆಯಿತು.

ಈಗ ಅವಳು ನೂಲುಂಡೆಗಳನ್ನು ಹಿಡಿದು ದಿನಕ್ಕೆ ಹತ್ತು ಸಲ ಓಣಿಗೆ ಬರುತ್ತಾಳೆ. ರಸ್ತೆಗೆ ಕಾಣುವಂತೆ ಸೀಟು, ಸೋಫಾ ಇಡಲು ಜಾಗವಿಲ್ಲದ್ದರಿಂದ ಹೊಸ ಗಿರಾಕಿಗಳು ಕಡಿಮೆಯಾದದ್ದೂ ನಿಜ. ಹಳಬರು ಮೊದಲು ಮೊಬೈಲಂಗಡಿಗೇ ನುಗ್ಗುತ್ತಾರೆ.

“ಅಕ್ಕ, ನಿಮ್ಮ ದಾರಿ ತೋರಿಸೋದೇ ನನಗೊಂದು ಕೆಲಸ ಆಗಿದೆ,” ಎಂದು ಮೊಬೈಲಿನವನು ಗೊಣಗುತ್ತಾನೆ.

“ಸೀಟು ಹರಿದರೆ ತಗೊಂಡು ಬಾಪ್ಪ, ಬಿಟ್ಟಿ ಹೊಲಿದು ಸಂಬಳ ತೀರಿಸ್ತೀನಿ,” ಎನ್ನುತ್ತಾಳೆ.

ಮೊನ್ನೆ ನಾನು ಹೋದಾಗ ಅವಳು ಗೋಡೆಗೆ ರಂಧ್ರ ಕೊರೆಯುತ್ತಿದ್ದಳು. ಮೈಮೇಲೆಲ್ಲ ಸುಣ್ಣದ ಪುಡಿ. ರೆಕ್ಸಿನ್ ಸುರುಳಿಗಳಿಗೆ ಉದ್ದದ ಕಂಬಿ ಹಾಕಬೇಕಂತೆ. ಬಾಡಿಗೆಗಿದ್ದಷ್ಟು ಕಾಲವೂ, ಗೋಡೆ ಮಾಲೀಕನದೆಂದು, ಸುರುಳಿಗಳನ್ನು ಮೂಲೆಗೆ ಒರಗಿಸಿಯೇ ಇಟ್ಟಿದ್ದಳು.

“ಇನ್ನೂ ಸ್ವಲ್ಪ ಮೇಲೆ ಕೊರಿ,” ಎಂದರು ಅತ್ತೆ.

ಅವಳು ಸ್ವಲ್ಪ ಮೇಲೆಯೇ ಕೊರೆದಳು.